ಎಂಟರಿಂದ ಭಾಗಿಸಿದರೆ ಸಾಲದು

ದತ್ತಾಂಶದ ವೇಗವನ್ನು ಒಂದು ಮಾನದಿಂದ ಇನ್ನೊಂದಕ್ಕೆ ಬದಲಿಸಿಕೊಡುವ ಕೋಷ್ಟಕಗಳಲ್ಲಿ ಎಸ್‌ಟಿಎಂ-1 ಎಂಬ ದೂರಸಂಪರ್ಕ ಸಂಕೇತದ ಎದುರಿಗೆ ಸೆಕೆಂಡಿಗೆ 155.52 ಮೆಗಾಬಿಟ್ ಎಂದು ಬರೆದಿರುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್. ಎಂಟರಿಂದ ಭಾಗಿಸಿದರೆ 19.44 ಮೆಗಾಬೈಟ್. ಅದೇ ಕೋಷ್ಟಕದಲ್ಲಿ ಇನ್ನಷ್ಟು ಕೆಳಗೆ, ಹಳೆಯ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುತ್ತಿದ್ದ ಐಡಿಇ ಕೇಬಲ್ಲಿನ ‘ಅಲ್ಟ್ರಾ ಡಿಎಂಎ 33’ ಎಂಬ ಬಗೆಗೆ ಸೆಕೆಂಡಿಗೆ 33 ಮೆಗಾಬೈಟ್ ಎಂದಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಏಕಕಾಲಕ್ಕೆ 1,890 ದೂರವಾಣಿ ಕರೆಗಳನ್ನು ಊರಿಂದೂರಿಗೆ ಹೊತ್ತೊಯ್ಯುವ ಗಾಜಿನ ಎಳೆಗಿಂತ ಒಂದು ಮೊಳ ಉದ್ದದ ಚಪ್ಪಟೆ ಕೇಬಲ್ಲೇ ಹೆಚ್ಚು ವೇಗದ್ದು ಎಂದಾಗುತ್ತದೆ.

ಈ ಭಾಗಾಕಾರದಲ್ಲಿ ತಪ್ಪಿಲ್ಲ. ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಏಕೆಂದರೆ ಈ ಎರಡು ಸಂಖ್ಯೆಗಳು ಎರಡು ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಏನನ್ನು ಎಣಿಸಿದರು, ಎಲ್ಲಿ ನಿಂತು ಎಣಿಸಿದರು, ಎಷ್ಟು ಹೊತ್ತು ಎಣಿಸಿದರು ಎಂಬುದನ್ನು ಕೇಳದೆ ಮಾನವನ್ನಷ್ಟೇ ಬದಲಿಸಿದರೆ ನಮ್ಮ ಕೈಗೆ ಸಿಗುವುದು ಸರಿಯಾದ ಅಂಕಗಣಿತ ಮತ್ತು ತಪ್ಪು ತಿಳಿವಳಿಕೆ. ಇದು ಎಂಜಿನಿಯರುಗಳ ಒಳಮನೆಯ ವಿಷಯವಾಗಿ ಉಳಿದಿದ್ದರೆ ಲೇಖನದ ಅಗತ್ಯವಿರಲಿಲ್ಲ. ಇಂದು ಮೊಬೈಲಿಗೆ ಹಣ ಕಟ್ಟುವ ಪ್ರತಿಯೊಬ್ಬರೂ ಇದೇ ಗೊಂದಲಕ್ಕೆ ಬೆಲೆ ತೆರುತ್ತಿದ್ದಾರೆ.

ದೂರಸಂಪರ್ಕದ ಸಂಖ್ಯೆಗಳೆಲ್ಲ ಮನುಷ್ಯನ ದನಿಯಿಂದ ಹುಟ್ಟಿದವು. ದೂರವಾಣಿಯಲ್ಲಿ ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು. ಅದನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್. ದನಿಯನ್ನು ಹೀಗೆ ಅಂಕಿಗಳಾಗಿ ಕಳಿಸುವ ಉಪಾಯಕ್ಕೆ ಅಲೆಕ್ ರೀವ್ಸ್ ಎಂಬ ಬ್ರಿಟಿಷ್ ಎಂಜಿನಿಯರ್ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ, 1938ರಲ್ಲಿ, ಪೇಟೆಂಟ್ ಪಡೆದರು. ಅದನ್ನು ದಿನಬಳಕೆಗೆ ತಂದದ್ದು ಅಮೆರಿಕದ ಬೆಲ್ ಸಂಸ್ಥೆ, 1962ರಲ್ಲಿ, ಟಿ-1 ಎಂಬ ಹೆಸರಿನಲ್ಲಿ: 24 ದನಿಗಳಿಗೆ ತಲಾ 8 ಬಿಟ್, ಚೌಕಟ್ಟಿನ ಗುರುತಿಗೆ ಒಂದು ಬಿಟ್, ಒಟ್ಟು 193. ಇದು ಸೆಕೆಂಡಿಗೆ 8,000 ಸಲ ಹೊರಟರೆ 1.544 ಮೆಗಾಬಿಟ್. ಯುರೋಪಿನವರು 32 ಟೈಮ್‌ಸ್ಲಾಟ್‌ಗಳ ಇ-1 ಮಾಡಿಕೊಂಡರು, ಅದು 2.048 ಮೆಗಾಬಿಟ್. ಭಾರತ ಹಿಡಿದದ್ದು ಈ ಯುರೋಪಿನ ದಾರಿ. 32ರಲ್ಲಿ ಸೊನ್ನೆಯ ಸ್ಲಾಟ್ ಚೌಕಟ್ಟಿನ ಗುರುತಿಗೆ ಹೋಗುತ್ತದೆ, 16ನೆಯದು ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ ಎಂಬ ಸೂಚನೆಗಳಿಗೆ. ಮಾತಿಗೆ ಉಳಿಯುವುದು 30.

ಇಲ್ಲಿ ಗಮನಿಸಬೇಕಾದದ್ದು 125 ಮೈಕ್ರೊಸೆಕೆಂಡ್ ಎಂಬ ಅವಧಿ. ಅಷ್ಟಕ್ಕೊಮ್ಮೆ ಒಂದು ಚೌಕಟ್ಟು ಹೊರಡಲೇಬೇಕು. ಎರಡೂ ಕಡೆಯವರು ಸುಮ್ಮನಿದ್ದರೂ ಆ ಮೌನವನ್ನೇ ಎಂಟು ಬಿಟ್‌ಗಳಲ್ಲಿ ಬರೆದು ಕಳಿಸಲಾಗುತ್ತದೆ. ಕಾಲುವೆ ನೀರಿನ ಸರದಿಯ ಹಾಗೆ: ನಿಮ್ಮ ಪಾಳಿ ಬಂದಾಗ ನೀವು ಗದ್ದೆಗೆ ಹಾಯಿಸಿಕೊಂಡರೂ ಬಿಟ್ಟರೂ ಆ ಹೊತ್ತು ನಿಮ್ಮದೇ, ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ‘2.048 ಮೆಗಾಬಿಟ್’ ಎನ್ನುವುದು ಸಮಯದ ಬಗೆಗಿನ ವಾಗ್ದಾನ. ಅದು ಗರಿಷ್ಠವೂ ಹೌದು, ಕನಿಷ್ಠವೂ ಹೌದು, ಸರಾಸರಿಯೂ ಹೌದು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲ ಬಾರಿಗೆ ಕೆಲಸ ಶುರುಮಾಡಿದಾಗ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಅದು ಪಾಲಿಸಿದ್ದೂ ಇದೇ ವಾಗ್ದಾನವನ್ನು. ಹಳ್ಳಿಯ ದೂರವಾಣಿಯ ಮೇಲೆ ಜನರಿಗೆ ನಂಬಿಕೆ ಬರಲು ಈ ಕಟ್ಟುನಿಟ್ಟಿನ ಗಡಿಯಾರವೇ ಕಾರಣ ಎಂದು ನಾನು ತಿಳಿದಿದ್ದೇನೆ.

ನಮ್ಮ ಎಕ್ಸ್‌ಚೇಂಜುಗಳಲ್ಲಿ ದುಡಿದವರು ಇ-1 ಎನ್ನುವುದಕ್ಕಿಂತ ‘ಟೂ ಎಂಬಿ’ ಎನ್ನುವುದೇ ಹೆಚ್ಚು. ಅದರ ಮೇಲಿನವು ‘ಎಯ್ಟ್ ಎಂಬಿ’, ‘ಥರ್ಟಿಫೋರ್ ಎಂಬಿ’. ಆ ಎಂಬಿ ಬಿಟ್ಟಿನದು. ಅವರ ಕೆಲಸದಲ್ಲಿ ಬೈಟಿಗೆ ಜಾಗವಿರಲಿಲ್ಲ, ಆದ್ದರಿಂದ ಅವರಲ್ಲಿ ಗೊಂದಲವೂ ಇರಲಿಲ್ಲ. ಅದೇ ಕಟ್ಟಡದ ಕಂಪ್ಯೂಟರ್ ವಿಭಾಗದವರಿಗೆ ಎಂಬಿ ಎಂದರೆ ಬೈಟ್. ಬಿಲ್ಲಿಂಗ್ ಟೇಪನ್ನು ‘ಟೂ ಎಂಬಿ ಲಿಂಕಿನಲ್ಲಿ’ ಕಳಿಸುವ ಮಾತು ಬಂದಾಗ ಒಬ್ಬರ ಅಂದಾಜಿಗಿಂತ ಇನ್ನೊಬ್ಬರದು ಎಂಟು ಪಟ್ಟು ಬೇರೆಯಾಗುವುದು ಸಹಜ.

ದೂರಸಂಪರ್ಕದ ಒಳಗೇ ಗುಣಾಕಾರ ಕೆಲಸ ಮಾಡುವುದಿಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. ನಾಲ್ಕು ಇ-1 ಸೇರಿದರೆ 8.192 ಆಗಬೇಕು, ಇ-2ರ ವೇಗ 8.448. ಹದಿನಾರು ಸೇರಿದರೆ 32.768 ಆಗಬೇಕು, ಇ-3ರ ವೇಗ 34.368. ಕಾರಣ, ಒಂದೊಂದು ಎಕ್ಸ್‌ಚೇಂಜಿಗೂ ಅದರದೇ ಗಡಿಯಾರವಿತ್ತು. ಯಾವ ಎರಡು ಗಡಿಯಾರಗಳೂ ಕರಾರುವಾಕ್ಕಾಗಿ ಒಂದೇ ಗತಿಯಲ್ಲಿ ಓಡುವುದಿಲ್ಲ. ಇ-1ಕ್ಕೆ ಹತ್ತು ಲಕ್ಷದಲ್ಲಿ 50 ಭಾಗದಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅಂದರೆ ಸೆಕೆಂಡಿಗೆ ಸುಮಾರು ನೂರು ಬಿಟ್. ನಿಧಾನದ ಹೊಳೆಯೂ ವೇಗದ ಹೊಳೆಯೂ ಒಂದೇ ಪಾತ್ರದಲ್ಲಿ ಹರಿಯಬೇಕಾದರೆ ತುಸು ಹೆಚ್ಚಿನ ಜಾಗ ಬಿಟ್ಟು, ಅಗತ್ಯಬಿದ್ದಾಗ ಖಾಲಿ ಬಿಟ್‌ಗಳನ್ನು ತುರುಕಬೇಕು. ಆ ಹೆಚ್ಚುವರಿ ಜಾಗವೂ ಸಂಖ್ಯೆಯಲ್ಲಿ ಸೇರಿಕೊಂಡಿದೆ. ಎಸ್‌ಟಿಎಂ-1ರ 155.52ರಲ್ಲಿ ಸಾಗಣೆಯ ಮೇಲ್ವಿಚಾರಣೆಗೆ ಹೋಗುವ ಭಾಗ ಕಳೆದರೆ 149.76 ಉಳಿಯುತ್ತದೆ. ಅದರಲ್ಲಿ ಎಟಿಎಂ ಪದ್ಧತಿಯ 53 ಬೈಟುಗಳ ಪೊಟ್ಟಣಗಳನ್ನು ಕಳಿಸಿದರೆ ಪ್ರತಿ ಪೊಟ್ಟಣದಲ್ಲೂ 5 ಬೈಟ್ ವಿಳಾಸಕ್ಕೆ ಹೋಗಿ, ಬಳಕೆದಾರನಿಗೆ ದಕ್ಕುವುದು ಹೆಚ್ಚೆಂದರೆ 135.6. ಮೊದಲಿನ 19.44 ಮೆಗಾಬೈಟ್ ಈಗ 17ಕ್ಕೂ ತುಸು ಕಡಿಮೆ.

ಈಗ ಸಂಗ್ರಹದ ಕಡೆಗೆ ಬರೋಣ. ಸೀಗೇಟ್ ಕಂಪನಿ 1980ರಲ್ಲಿ ತಂದ ಎಸ್‌ಟಿ-506 ಎಂಬ ಪುಟ್ಟ ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ವ್ಯವಸ್ಥೆ ಪಿಸಿಗಳ ಮೊದಲ ದಶಕವನ್ನು ಆಳಿತು. ಅದರಲ್ಲಿ ತಟ್ಟೆಯ ಮೇಲಿನ ಬಿಟ್‌ಗಳು ದೂರವಾಣಿ ತಂತಿಯಲ್ಲಿ ಬರುವ ಹಾಗೆಯೇ ಒಂದರ ಹಿಂದೆ ಒಂದು ಬರುತ್ತಿದ್ದವು, ಸೆಕೆಂಡಿಗೆ 50 ಲಕ್ಷ. ಎಂಟರಿಂದ ಭಾಗಿಸಿದರೆ 625 ಕಿಲೋಬೈಟ್. ಆದರೆ ಆ ಬಿಟ್‌ಗಳೆಲ್ಲ ನಮ್ಮ ಕಡತದವಲ್ಲ. ಸೆಕ್ಟರ್ ಎಲ್ಲಿ ಶುರುವಾಗುತ್ತದೆ ಎಂಬ ಗುರುತು, ಅದರ ವಿಳಾಸ, ತಪ್ಪು ಹಿಡಿಯುವ ಅಂಕಿಗಳು, ನಡುವಿನ ಖಾಲಿ ಜಾಗ ಎಲ್ಲವೂ ಅದರಲ್ಲಿದ್ದವು. 1983ರ ಪಿಸಿ ಎಕ್ಸ್‌ಟಿಯಲ್ಲಿ ಒಂದು ಸುತ್ತಿಗೆ 512 ಬೈಟುಗಳ 17 ಸೆಕ್ಟರ್, ಸೆಕೆಂಡಿಗೆ 60 ಸುತ್ತು. ಗುಣಿಸಿದರೆ 522 ಕಿಲೋಬೈಟ್. ಅದೂ ಸಿಗುತ್ತಿರಲಿಲ್ಲ. ಒಂದು ಸೆಕ್ಟರನ್ನು ಓದಿ ಸುಧಾರಿಸಿಕೊಳ್ಳುವಷ್ಟರಲ್ಲಿ ಮುಂದಿನದು ಓದುವ ತಲೆಯ ಕೆಳಗಿಂದ ಜಾರಿಹೋಗುತ್ತಿತ್ತು. ಹಾಗಾಗಿ ಕ್ರಮದಲ್ಲಿ ಮುಂದಿನ ಸೆಕ್ಟರನ್ನು ಪಕ್ಕದಲ್ಲಿಡದೆ ಆರನೆಯ ಜಾಗದಲ್ಲಿ ಇಡುತ್ತಿದ್ದರು. ಒಂದು ಸುತ್ತಿನ ಮಾಹಿತಿ ಪೂರ್ತಿ ಓದಲು ಆರು ಸುತ್ತು ಬೇಕು. ಕೈಗೆ ಬರುವುದು ಸೆಕೆಂಡಿಗೆ 87 ಕಿಲೋಬೈಟ್.

ಈ ಲೆಕ್ಕವನ್ನು ಇ-1ರ ಪಕ್ಕದಲ್ಲಿಟ್ಟು ನೋಡಿ. ಕೋಷ್ಟಕದ ಪ್ರಕಾರ ಡಿಸ್ಕ್ 625 ಕಿಲೋಬೈಟ್, ಇ-1 256 ಕಿಲೋಬೈಟ್. ಡಿಸ್ಕೇ ಸುಮಾರು ಎರಡೂವರೆ ಪಟ್ಟು ವೇಗ. ನಿಜದಲ್ಲಿ ಇ-1ರ 30 ಸ್ಲಾಟ್‌ಗಳು ಸೆಕೆಂಡಿಗೆ 240 ಕಿಲೋಬೈಟನ್ನು ತಪ್ಪದೆ ತಲುಪಿಸುತ್ತವೆ, ಡಿಸ್ಕ್ 87ರಲ್ಲಿ ನಿಲ್ಲುತ್ತದೆ. ಯಾವುದು ಮುಂದು, ಯಾವುದು ಹಿಂದು ಎಂಬುದೇ ತಿರುಗಿಬಿತ್ತು. ದಶಾಂಶದ ಆಚೆಗಿನ ಸಣ್ಣಪುಟ್ಟ ವ್ಯತ್ಯಾಸ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಆಮೇಲೆ ಬಂದ ಸ್ಕಸಿ ಮತ್ತು ಐಡಿಇ ಎಂಬ ಡಿಸ್ಕ್ ಜೋಡಣೆಯ ಪದ್ಧತಿಗಳಲ್ಲಿ ಬಿಟ್‌ಗಳನ್ನು ಸಾಲಾಗಿ ಕಳಿಸುವ ಬದಲು ಎಂಟು ಅಥವಾ ಹದಿನಾರು ತಂತಿಗಳಲ್ಲಿ ಒಟ್ಟಿಗೆ ಕಳಿಸಿದರು. ಒಂದು ಏಟಿಗೆ ಒಂದು ಬೈಟೋ ಎರಡು ಬೈಟೋ ದಾಟುವಾಗ ಬಿಟ್ಟಿನಲ್ಲಿ ಎಣಿಸುವುದಕ್ಕೆ ಅರ್ಥವಿಲ್ಲ; ಆದ್ದರಿಂದ ಬೈಟೇ ಮಾನವಾಯಿತು. 1986ರ ಸ್ಕಸಿ ಸೆಕೆಂಡಿಗೆ 5 ಮೆಗಾಬೈಟ್, ಮುಂದೆ 10, 20, 40, 80, 160, 320. ಐಡಿಇ 3.3ರಿಂದ ಶುರುವಾಗಿ 16.6, 33, 66, 100, 133. ಈ ಸಂಖ್ಯೆಗಳು ಹೇಳುವುದು ಕೇಬಲ್ ಎಷ್ಟನ್ನು ತಾಳಬಲ್ಲದು ಎಂಬುದನ್ನು ಮಾತ್ರ. ಆಜ್ಞೆ ಕಳಿಸುವ ಹೊತ್ತು, ತಲೆ ಜಾಗಕ್ಕೆ ಸರಿಯುವ ಹೊತ್ತು, ತಟ್ಟೆ ತಿರುಗಿ ಬರುವ ಹೊತ್ತು ಯಾವುದೂ ಅದರಲ್ಲಿ ಸೇರಿಲ್ಲ. 133 ಎಂದು ಬರೆದ ಕೇಬಲ್ಲಿಗೆ ಜೋಡಿಸಿದ ಆ ಕಾಲದ ಡಿಸ್ಕಿನ ತಟ್ಟೆ ಹೊರ ಅಂಚಿನಲ್ಲಿ 40–50 ಮೆಗಾಬೈಟ್ ಕೊಟ್ಟರೆ ಹೆಚ್ಚು. ಒಳ ಸುತ್ತುಗಳಲ್ಲಿ ಅದಕ್ಕಿಂತ ಗಣನೀಯವಾಗಿ ಕಡಿಮೆ, ಏಕೆಂದರೆ ಒಳಗಿನ ಸುತ್ತು ಚಿಕ್ಕದು, ಅದರಲ್ಲಿ ಸೆಕ್ಟರುಗಳೂ ಕಡಿಮೆ. ಒಂದೇ ಡಿಸ್ಕಿಗೆ ಒಂದೇ ವೇಗ ಎಂಬುದೇ ಇಲ್ಲ.

ಹೀಗಾಗಿ ಪರಿವರ್ತನಾ ಕೋಷ್ಟಕಗಳ ಒಂದು ಪಕ್ಷಪಾತ ನನ್ನನ್ನು ಕಾಡುತ್ತದೆ. ಟಿ-1, ಇ-1ಗಳಿಗೆ ಹಲವು ಕೋಷ್ಟಕಗಳು ಎರಡೆರಡು ಸಾಲು ಕೊಡುತ್ತವೆ: ಸಂಕೇತದ ವೇಗ ಒಂದು, ಹೊರೆಯ ವೇಗ ಒಂದು. ಇ-1ಕ್ಕೆ 2.048 ಮತ್ತು 1.92, ಟಿ-1ಕ್ಕೆ 1.544 ಮತ್ತು 1.344. ಸ್ಕಸಿ, ಐಡಿಇಗಳಿಗೆ ಮಾತ್ರ ಒಂದೇ ಸಾಲು. ದೂರವಾಣಿಯವರು ತಮ್ಮ ಖರ್ಚನ್ನು ಲೆಕ್ಕದಲ್ಲಿ ತೋರಿಸುವ ಶಿಸ್ತನ್ನು ಮೊದಲಿನಿಂದ ಇಟ್ಟುಕೊಂಡರು, ಡಿಸ್ಕ್ ಮಾರುವವರು ಇಟ್ಟುಕೊಳ್ಳಲಿಲ್ಲ. ಖರ್ಚು ತೋರಿಸಿದವರ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಮುಚ್ಚಿಟ್ಟವರದು ದೊಡ್ಡದಾಗಿ ಕಾಣುತ್ತದೆ. ಇದು ಪ್ರಾಮಾಣಿಕತೆಗೆ ದಂಡ ಹಾಕಿದ ಹಾಗೆ.

ಎಂಟರ ಬದಲು ಹತ್ತರಿಂದ ಭಾಗಿಸಿ, ಎಲ್ಲ ಖರ್ಚೂ ಅದರಲ್ಲಿ ಮುಗಿಯುತ್ತದೆ ಎನ್ನುವ ಅನುಭವಿಗಳಿದ್ದಾರೆ. ಅದಕ್ಕೆ ಆಧಾರವೂ ಇದೆ. ಹಳೆಯ ಸೀರಿಯಲ್ ಪೋರ್ಟಿನಲ್ಲಿ ಪ್ರತಿ ಬೈಟಿನ ಮುಂದೊಂದು ಹಿಂದೊಂದು ಬಿಟ್ ಸೇರುತ್ತಿತ್ತು. 9,600 ಬಿಟ್ ಎಂದರೆ 960 ಅಕ್ಷರ. 1983ರಲ್ಲಿ ಐಬಿಎಮ್ಮಿನ ವಿಡ್ಮರ್ ಮತ್ತು ಫ್ರನಾಸ್ಜೆಕ್ ಪ್ರಕಟಿಸಿದ ಸಂಕೇತಪದ್ಧತಿಯಲ್ಲೂ 8 ಬಿಟ್ ಮಾಹಿತಿ ತಂತಿಯ ಮೇಲೆ 10 ಬಿಟ್ ಆಗುತ್ತದೆ. ಆದರೆ ಇದೇ ಪದ್ಧತಿಯನ್ನು ಬಳಸುವ ಎರಡು ಸಾಧನಗಳನ್ನು ನೋಡಿ. ಐಡಿಇಯ ಜಾಗಕ್ಕೆ ಬಂದ ಸಾಟಾ ತನ್ನ ವೇಗವನ್ನು 1.5 ಗಿಗಾಬಿಟ್ ಎಂದು ಹೇಳಿಕೊಂಡಿತು. ಅದು ತಂತಿಯ ಮೇಲಿನ ಲೆಕ್ಕ, ಆದ್ದರಿಂದ ಹತ್ತರಿಂದ ಭಾಗಿಸಿ 150 ಮೆಗಾಬೈಟ್ ಎನ್ನಬೇಕು. ಗಾಜಿನ ಎಳೆಯ ಗಿಗಾಬಿಟ್ ಈಥರ್ನೆಟ್ ತಂತುವಿನ ಮೇಲೆ 1.25 ಗಿಗಾಬಿಟ್ ಓಡಿಸಿದರೂ ಸಂಕೇತದ ಖರ್ಚು ಕಳೆದು 1 ಗಿಗಾಬಿಟ್ ಎಂದಿತು. ಅದನ್ನು ಎಂಟರಿಂದಲೇ ಭಾಗಿಸಿ 125 ಮೆಗಾಬೈಟ್ ಎನ್ನಬೇಕು. ಒಂದೇ ಸಂಕೇತಪದ್ಧತಿ, ಒಂದೇ ‘ಗಿಗಾಬಿಟ್’, ಎರಡು ಭಾಜಕಗಳು. ಇದು ಯಾವ ಸೂತ್ರದಿಂದಲೂ ತಿಳಿಯುವುದಿಲ್ಲ, ಸಾಧನದ ಒಳಗನ್ನು ತಿಳಿದರೆ ಮಾತ್ರ ಗೊತ್ತಾಗುತ್ತದೆ.

ಸಾವಿರ ಮತ್ತು 1,024ರ ತಕರಾರು ಇದರ ಮೇಲೆ ಕುಳಿತಿದೆ. ವೇಗದ ಲೆಕ್ಕದಲ್ಲಿ ಕಿಲೋ ಎಂದರೆ ಸಾವಿರ. ಕಂಪ್ಯೂಟರಿನ ಪರದೆ ಕಡತವನ್ನು ತೋರಿಸುವಾಗ ಹಲವೆಡೆ 1,024. ‘1.44 ಎಂಬಿ’ ಫ್ಲಾಪಿ ನಿಜಕ್ಕೂ 14,74,560 ಬೈಟ್, ಅದು 1.44ನ್ನು ಒಮ್ಮೆ ಸಾವಿರದಿಂದ, ಒಮ್ಮೆ 1,024ರಿಂದ ಗುಣಿಸಿದ ಫಲ, ಎರಡೂ ಪದ್ಧತಿಗೆ ಸೇರದ್ದು. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗ ಕಿಬಿ, ಮೆಬಿ ಎಂಬ ಬೇರೆ ಹೆಸರುಗಳನ್ನು ಗೊತ್ತುಮಾಡಿದರೂ ಅವು ಅಂಗಡಿಯ ಮಾತಿಗೆ ಇಳಿಯಲಿಲ್ಲ.

ದೂರದ ವಿಷಯ ಇದಕ್ಕಿಂತ ಗಂಭೀರ. ಐಡಿಇ ಕೇಬಲ್ಲಿನ ಉದ್ದ 18 ಅಂಗುಲ ಮೀರಬಾರದು. ಮೊದಲ ಸ್ಕಸಿ ಕೇಬಲ್ 6 ಮೀಟರ್. ಅಲ್ಲಿ ‘ಬಂತು’ ಎಂಬ ಮರುಸೂಚನೆಗೆ ಕಾಯುವುದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. 1990ರ ದಶಕದ ಮೊದಲಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಪರದೇಶದ ಗ್ರಾಹಕರೊಂದಿಗೆ ಉಪಗ್ರಹದ 64 ಕಿಲೋಬಿಟ್ ಲಿಂಕುಗಳಲ್ಲಿ ಕೆಲಸ ಮಾಡಿದವು. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಏರಿ ಇಳಿದು, ಉತ್ತರ ಮತ್ತೆ ಏರಿ ಇಳಿಯಲು ಬೆಳಕಿನ ವೇಗದಲ್ಲೂ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಇಂಟರ್ನೆಟ್ಟಿನ ಟಿಸಿಪಿ ನಿಯಮದ ಮೂಲ ರೂಪದಲ್ಲಿ, ಮರುಸೂಚನೆ ಬಾರದೆ ಒಮ್ಮೆಗೆ 65,535 ಬೈಟ್‌ಗಿಂತ ಹೆಚ್ಚು ಕಳಿಸುವಂತಿರಲಿಲ್ಲ. ಅರ್ಧ ಸೆಕೆಂಡಿಗೆ ಅಷ್ಟೇ ಎಂದರೆ ಸೆಕೆಂಡಿಗೆ 131 ಕಿಲೋಬೈಟ್. ಇಡೀ ಇ-1ನ್ನು ಬಾಡಿಗೆಗೆ ಪಡೆದು ಉಪಗ್ರಹದಲ್ಲಿ ಒಂದು ಕಡತ ಕಳಿಸಿದರೆ, ಲಿಂಕಿನ ಅರ್ಧಭಾಗ ಖಾಲಿ ಓಡುತ್ತಿತ್ತು. 1992ರಲ್ಲಿ ಈ ಮಿತಿಯನ್ನು ಹಿಗ್ಗಿಸುವ ನಿಯಮ ಬಂತು. ಎರಡೂ ತುದಿಯ ಯಂತ್ರಗಳು ಅದನ್ನು ಬಲ್ಲವಾಗಿದ್ದರೆ ಮಾತ್ರ ಪ್ರಯೋಜನ. ಯಾವ ಕೋಷ್ಟಕದಲ್ಲೂ ದೂರಕ್ಕೆ ಕಾಲಮ್ ಇರುವುದಿಲ್ಲ.

ಇದೆಲ್ಲವನ್ನೂ ಒಂದು ಕೆಲಸಕ್ಕೆ ಅನ್ವಯಿಸಿ ನೋಡೋಣ. 2002ರ ಸುಮಾರಿನ ತುಂಬಿದ 40 ಗಿಗಾಬೈಟ್ ಡಿಸ್ಕನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ತಲುಪಿಸಬೇಕು. 133ರ ಕೇಬಲ್ ಲೆಕ್ಕದಲ್ಲಿ ಡಿಸ್ಕನ್ನು ಪೂರ್ತಿ ಓದಲು ಐದು ನಿಮಿಷ. ತಟ್ಟೆ ಉದ್ದಕ್ಕೂ ಸರಾಸರಿ 30 ಮೆಗಾಬೈಟ್ ಕೊಟ್ಟರೆ 22 ನಿಮಿಷ. ಇ-1ರ 30 ಸ್ಲಾಟ್‌ಗಳಲ್ಲಿ ಕಳಿಸಿದರೆ 46 ತಾಸು. ಡಿಸ್ಕನ್ನೇ ಚೀಲದಲ್ಲಿಟ್ಟು ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವುದರೊಳಗೆ ಹುಬ್ಬಳ್ಳಿಯಲ್ಲಿರುತ್ತಾರೆ. ಆದರೆ ಅದೇ ಡಿಸ್ಕಿನಲ್ಲಿರುವ ಒಂದೇ ಒಂದು ಪುಟದ ದಾಖಲೆ ಬೇಕಾಗಿದ್ದರೆ ಇ-1 ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ, ಬಸ್ಸಿಗೆ ರಾತ್ರಿಯೇ ಬೇಕು. ಹಾಗಾಗಿ ‘ಯಾವುದು ವೇಗ’ ಎಂದು ಬರೀ ಕೇಳಿದರೆ ಉತ್ತರವಿಲ್ಲ. ಎಷ್ಟು ಮಾಹಿತಿ, ಎಲ್ಲಿಂದ ಎಲ್ಲಿಗೆ ಎಂದು ಸೇರಿಸಿ ಕೇಳಬೇಕು.

ಇಷ್ಟೆಲ್ಲ ಸೂಕ್ಷ್ಮ ಯಾರಿಗೆ ಬೇಕು, ಬಲ್ಲವರು ಹೇಗೂ ಬಲ್ಲರು, ಉಳಿದವರಿಗೆ ಅಂದಾಜು ಸಾಕು ಎಂಬ ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಎಂಜಿನಿಯರು ತನ್ನ ಮೇಜಿನ ಮೇಲೆ ಮಾಡುವ ಅಂದಾಜಿಗೆ ಅದು ಒಪ್ಪುತ್ತದೆ. ಜನಸಾಮಾನ್ಯರು ಹಣ ಕೊಟ್ಟು ಕೊಳ್ಳುವ ಸರಕಿಗೆ ಒಪ್ಪುವುದಿಲ್ಲ. ದೂರವಾಣಿಯ ಬಿಟ್ಟೂ ಡಿಸ್ಕಿನ ಬೈಟೂ ಇಂದು ಒಂದೇ ಜಾಹೀರಾತಿನಲ್ಲಿ ಕೂತಿವೆ. ವೇಗ ಮೆಗಾಬಿಟ್‌ನಲ್ಲಿ, ದಿನದ ಡೇಟಾ ಗಿಗಾಬೈಟ್‌ನಲ್ಲಿ. ದಿನಕ್ಕೆ 1.5 ಜಿಬಿ, ವೇಗ 40 ಎಂಬಿಪಿಎಸ್ ಎಂದರೆ ಆ ವೇಗದಲ್ಲಿ ದಿನದ ಪಾಲು ಐದೇ ನಿಮಿಷಕ್ಕೆ ಮುಗಿಯುತ್ತದೆ ಎಂದು ಎಷ್ಟು ಜನ ಲೆಕ್ಕ ಹಾಕಿಯಾರು? ಪಾಲು ಮುಗಿದ ಮೇಲೆ ‘ಅನ್‌ಲಿಮಿಟೆಡ್, 64 ಕೆಬಿಪಿಎಸ್ ವೇಗದಲ್ಲಿ’ ಎಂಬ ಸಣ್ಣಕ್ಷರದ ಸಾಲು ಹಲವು ಪ್ಲಾನುಗಳಲ್ಲಿದೆ. ಮನುಷ್ಯನ ಒಂದು ದನಿಗೆಂದು ದಶಕಗಳ ಹಿಂದೆ ಗೊತ್ತುಮಾಡಿದ 64 ಅದೇ. ಸೆಕೆಂಡಿಗೆ 8 ಕಿಲೋಬೈಟ್. 5 ಮೆಗಾಬೈಟಿನ ಒಂದು ಫೋಟೊ ಕಳಿಸಲು ಹತ್ತು ನಿಮಿಷಕ್ಕೂ ಮೇಲೆ. ಆನ್‌ಲೈನ್ ಅರ್ಜಿಗೆ ಅಂಕಪಟ್ಟಿ ಸೇರಿಸಬೇಕಾದ ಹಳ್ಳಿಯ ವಿದ್ಯಾರ್ಥಿನಿಗೆ ಇದು ಸಂಪರ್ಕ ಇದ್ದೂ ಇಲ್ಲದ ಸ್ಥಿತಿ.

ಸರ್ಕಾರದ ವ್ಯಾಖ್ಯೆಗೂ ಇದೇ ಕೊರತೆ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ ವೇಗ 2004ರಲ್ಲಿ 256 ಕಿಲೋಬಿಟ್ ಇತ್ತು, 2013ರಲ್ಲಿ 512 ಆಯಿತು, 2023ರಲ್ಲಿ 2 ಮೆಗಾಬಿಟ್ ಆಯಿತು. ಕೊನೆಯದು ಹೆಚ್ಚುಕಡಿಮೆ ಒಂದು ಇ-1. ಆದರೆ ಇ-1ರ 2 ಮೆಗಾಬಿಟ್ ಹಗಲೂ ರಾತ್ರಿಯೂ ಒಬ್ಬರಿಗೇ ಮೀಸಲಾದ ಗಡಿಯಾರದ ವಾಗ್ದಾನ. ಮೊಬೈಲ್ ಟವರಿನ ಕೆಳಗೆ ಸಂಜೆ ಏಳರ ಹೊತ್ತಿಗೆ ಹತ್ತಾರು ಜನ ಹಂಚಿಕೊಳ್ಳುವ ವೇಗ ಡಿಸ್ಕ್ ಕೇಬಲ್ಲಿನ ಮೇಲೆ ಬರೆದ ಗರಿಷ್ಠದ ಜಾತಿಯದು. ಒಂದೇ ಮಾನ ಬಳಸಿದರೂ ಇವು ಬೇರೆ ಬೇರೆ ಸರಕುಗಳು.

ನಾನು ಕೇಳುವುದು ಹೆಚ್ಚೇನಿಲ್ಲ. ವೇಗ ಮಾರುವವರು ಮೆಗಾಬಿಟ್ ಎಂಬ ಸಂಖ್ಯೆಯ ಪಕ್ಕದಲ್ಲಿ, ಒಂದು ಗಿಗಾಬೈಟ್ ಕಡತ ಗ್ರಾಹಕನ ಕೈಗೆ ಪೂರ್ತಿ ತಲುಪಲು ಜನಜಂಗುಳಿಯ ಹೊತ್ತಿನಲ್ಲಿ ಎಷ್ಟು ನಿಮಿಷ ಬೇಕು ಎಂಬುದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಬೇಕು. 2 ಮೆಗಾಬಿಟ್‌ನ ಪೂರ್ತಿ ವೇಗ ಸಿಕ್ಕರೂ ಅದು 67 ನಿಮಿಷ. 64 ಕಿಲೋಬಿಟ್‌ನಲ್ಲಿ ಸುಮಾರು 35 ತಾಸು. ಕಚೇರಿಗಳ ಟೆಂಡರುಗಳಲ್ಲಿ ‘ಲಿಂಕ್ 155 ಎಂಬಿ, ಸಂಗ್ರಹ 320 ಎಂಬಿ’ ಎಂದು ಎರಡು ಲೋಕದ ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಬರೆಯುವ ಬದಲು, ದಿನದ ಬ್ಯಾಕಪ್ ಎಷ್ಟು ಗಿಗಾಬೈಟ್, ಅದು ಎಷ್ಟು ತಾಸಿನಲ್ಲಿ ಯಾವ ಊರಿಂದ ಯಾವ ಊರಿಗೆ ಮುಟ್ಟಬೇಕು ಎಂದು ಬರೆಯಬೇಕು. ಬಿಟ್ಟನ್ನು ಬೈಟಿಗೆ ಬದಲಿಸುವ ಹೊಣೆಯೂ, ನಡುವಿನ ಖರ್ಚನ್ನೆಲ್ಲ ಕಳೆಯುವ ಹೊಣೆಯೂ ಆಗ ಮಾರುವವರ ಮೇಲೆ ಬೀಳುತ್ತದೆ.